ತಾತನ ಜೀಪಿನ ಬಣ್ಣ: ಕೆರೆಯುವ ಮೊದಲು

ಪ್ರಶ್ನೆ: ನಮ್ಮ ತಾತ 1972ರಲ್ಲಿ ಕೊಂಡ ಮಹೀಂದ್ರ ಸಿಜೆ-3ಬಿ ಪೆಟ್ರೋಲ್ ಜೀಪು ಇನ್ನೂ ಮನೆಯಲ್ಲಿದೆ. ಎಂಜಿನ್ ಅದೇ, ಚಾಸಿ ಅದೇ. ವಾರಕ್ಕೆ ಮೂರ್ನಾಲ್ಕು ಸಲ ತೋಟಕ್ಕೆ ಹೋಗಿ ಬರುತ್ತೆ. ಬಣ್ಣ ತಿಳಿನೀಲಿ. ಈಗ ಬಾನೆಟ್ ಮೇಲೆ ಕೈ ಇಟ್ಟರೆ ಬಿಳಿ ಪುಡಿ ಅಂಟುತ್ತೆ, ಟೇಲ್‌ಗೇಟಿನ ಕೆಳಗಡೆ ತುಕ್ಕಿನ ಗುಳ್ಳೆ ಎದ್ದಿದೆ. ದಾವಣಗೆರೆಯಲ್ಲಿ ಮೂವರು ಪೇಂಟರ್‌ಗಳನ್ನು ಕೇಳಿದೆ. ಒಬ್ಬರು ತಗಡಿನವರೆಗೂ ಕೆರೆದು ಪಿಯು (ಪಾಲಿಯುರೆಥೇನ್) ಮೆಟಾಲಿಕ್ ಹೊಡೀಬೇಕು ಅಂದರು. ಇನ್ನೊಬ್ಬರು ಹಳೇ ಗಾಡಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟೇ ಸರಿ ಅಂದರು. ಮೂರನೆಯವರು ರಬ್ಬಿಂಗ್ ಕಾಂಪೌಂಡ್ (ಉಜ್ಜುವ ಪೇಸ್ಟ್) ಹಾಕಿ ಮೆಷಿನ್ನಿನಲ್ಲಿ ಉಜ್ಜಿದರೆ ಸಾಕು ಅಂದರು. ತಮ್ಮನಿಗೆ ಮಿಲಿಟರಿ ಹಸಿರು ಮಾಡಿಸುವ ಆಸೆ. ಅಪ್ಪ ಮಾತ್ರ ಸೀಮೆಎಣ್ಣೆಗೆ ಕೊಬ್ಬರಿಎಣ್ಣೆ ಬೆರೆಸಿ ಒರೆಸಿದರೆ ಹೊಸದರ ಹಾಗೆ ಆಗುತ್ತೆ ಅಂತಾರೆ. ಇದು ಕಂಪನಿ ಬಣ್ಣವೇ ಅಂತ ತಿಳಿಯೋದು ಹೇಗೆ? ಉಳಿಸಿಕೊಳ್ಳಬಹುದಾ? ವಿಂಟೇಜ್ ನೋಂದಣಿಗೆ ಇದರಿಂದ ತೊಂದರೆ ಆಗುತ್ತಾ?
– ಓದುಗರೊಬ್ಬರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ಬಣ್ಣ ಸತ್ತುಹೋಗಿದೆಯೋ ಏನೋ ಎಂಬುದು ನಿಮ್ಮ ಚಿಂತೆ. ನೀವು ಬರೆದಿರುವ ಲಕ್ಷಣ ನೋಡಿದರೆ ಸತ್ತಿರುವುದು ಮೇಲಿನ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಪದರ. ಅದರ ಕೆಳಗಿನದು ಬಹುಮಟ್ಟಿಗೆ ಚೆನ್ನಾಗಿಯೇ ಇರುವ ಸಾಧ್ಯತೆ ಇದೆ. ಹೊಸ ಬಣ್ಣ ಹತ್ತು ಸಲ ಹೊಡೆಸಬಹುದು, ಕಾರ್ಖಾನೆಯ ಬಣ್ಣ ಒಂದು ಗಾಡಿಗೆ ಒಂದೇ ಸಲ. ಹಾಗಾಗಿ ಕೆರೆಯಲು ಒಪ್ಪುವ ಮೊದಲು ಅಲ್ಲಿ ಏನಿದೆ ಎಂದು ಪದರ ಪದರವಾಗಿ ನೋಡಿಕೊಳ್ಳಿ. ತುರ್ತು ಇರುವುದು ಬಾನೆಟ್ಟಿನ ಪುಡಿಗಲ್ಲ, ಟೇಲ್‌ಗೇಟಿನ ಗುಳ್ಳೆಗೆ.

ಮೊದಲು ಆ ಬಿಳಿ ಪುಡಿಯ ವಿಷಯ. ಆ ಕಾಲದ ಜೀಪುಗಳ ಬಣ್ಣ ಈಗಿನ ಕಾರುಗಳ ಹಾಗೆ ಬಣ್ಣದ ಮೇಲೊಂದು ಗಾಜಿನಂಥ ಕ್ಲಿಯರ್ ಕೋಟ್ ಇರುವ ಜೋಡಿಯಲ್ಲ. ಹೊಳಪೂ ಅದರಲ್ಲೇ, ಬಣ್ಣವೂ ಅದರಲ್ಲೇ. ಅದು ಎನಾಮೆಲ್, ಅಂದರೆ ಎಣ್ಣೆಯಿಂದ ಮಾಡಿದ ಆಲ್ಕಿಡ್ ಎಂಬ ಅಂಟಿನೊಳಗೆ ಬಣ್ಣದ ಕಣಗಳನ್ನು ಅರೆದು ಸೇರಿಸಿರುವ ಪದರ. ಬಿಸಿಲಿನ ಅತಿನೇರಳೆ ಕಿರಣ ಬಿದ್ದ ಕಡೆ ಈ ಅಂಟು ಮುರಿಯುತ್ತಾ ಹೋಗುತ್ತದೆ, ಕಣಗಳು ಹಿಡಿತ ತಪ್ಪಿ ಮೇಲೆ ಉಳಿಯುತ್ತವೆ. ತಿಳಿ ಬಣ್ಣಗಳಲ್ಲಿ ಇದು ಬೇಗ ಕಾಣುತ್ತದೆ. ಅವುಗಳಲ್ಲಿರುವ ಬಿಳಿ ಕಣ ಟೈಟಾನಿಯಂ ಡೈಆಕ್ಸೈಡ್, ಅದು ಬಿಸಿಲಿನಲ್ಲಿ ತಾನೇ ಅಂಟನ್ನು ಒಡೆಯಲು ನೆರವಾಗುತ್ತದೆ. ನೀಲಿ ಎಲ್ಲೂ ಹೋಗಿಲ್ಲ, ನೀಲಿಯನ್ನು ಹಿಡಿದಿದ್ದ ಅಂಟು ಹೋಗಿದೆ. ಕೆಂಪು ಜೀಪಾಗಿದ್ದರೆ ಮಾತು ಬೇರೆ. ಹಳೆಯ ಕೆಂಪು ಬಣ್ಣಗಳ ಕಣವೇ ಬಿಸಿಲಿಗೆ ಸುಟ್ಟು ಗುಲಾಬಿಗೆ ತಿರುಗುತ್ತಿತ್ತು.

ಸೀಮೆಎಣ್ಣೆ, ಕೊಬ್ಬರಿಎಣ್ಣೆಯಲ್ಲಿ ಒರೆಸಿದಾಗ ಹೊಸದರಂತೆ ಕಾಣುವುದು ಸುಳ್ಳಲ್ಲ. ಒಣಗಿದ ಸ್ಲೇಟಿಗೂ ಒದ್ದೆ ಸ್ಲೇಟಿಗೂ ಇರುವ ವ್ಯತ್ಯಾಸ ಅದು. ಪುಡಿಯಾದ ಮೇಲ್ಮೈ ಬೆಳಕನ್ನು ಚದುರಿಸುತ್ತದೆ, ಎಣ್ಣೆ ತುಂಬಿಕೊಂಡಾಗ ಚದುರುವುದು ನಿಲ್ಲುತ್ತದೆ. ಸೀಮೆಎಣ್ಣೆ ಆರಿಹೋಗುತ್ತದೆ, ಕೊಬ್ಬರಿಎಣ್ಣೆ ಆರುವುದೇ ಇಲ್ಲ. ಜಿಡ್ಡಾಗಿ ಉಳಿದು ಧೂಳನ್ನು ಹಿಡಿಯುತ್ತದೆ. ನಿಮ್ಮ ಕಡೆಯ ಧೂಳು ಬರೀ ಮಣ್ಣಲ್ಲ, ಭೀಮಸಮುದ್ರದ ಕಡೆಯಿಂದ ಅದಿರು ಲಾರಿ ಓಡಾಡಿದ ರಸ್ತೆಗಳಲ್ಲಿ ಕಬ್ಬಿಣದ ಅದಿರಿನ ಪುಡಿಯೂ ಇರುತ್ತದೆ. ಜಿಡ್ಡಿಗೆ ಅದು ಸೇರಿದರೆ ಮುಂದಿನ ಸಲ ಒರೆಸುವ ಬಟ್ಟೆಯೇ ಉಪ್ಪುಕಾಗದ ಆಗುತ್ತದೆ. ಮುಂದೆ ಎಂದಾದರೂ ಬಣ್ಣ ಹೊಡೆಸಿದರೆ ಆ ಜಿಡ್ಡಿನ ಮೇಲೆ ಅದು ಕೂರುವುದೂ ಇಲ್ಲ. ಅಪ್ಪನವರಿಗೆ ಹೀಗೆ ಹೇಳಿ: ಅವರ ಕಣ್ಣಿಗೆ ಕಂಡ ಬಣ್ಣ ನಿಜವಾದದ್ದೇ, ಅದನ್ನು ಒಂದು ದಿನಕ್ಕಲ್ಲ, ವರ್ಷಗಟ್ಟಲೆ ನಿಲ್ಲಿಸುವ ದಾರಿ ಇದೆ.

ಕಂಪನಿ ಬಣ್ಣವೇ, ಆಮೇಲೆ ಹೊಡೆಸಿದ್ದೇ?

ಬಿಸಿಲು ಬೀಳದ, ಕೈ ಹೋಗದ ಜಾಗಗಳಲ್ಲಿ ಟಾರ್ಚ್ ಹಿಡಿದು ನೋಡಿ: ಗ್ಲೋವ್ ಬಾಕ್ಸಿನ ಒಳಗೆ, ಡ್ಯಾಶ್‌ಬೋರ್ಡಿನ ಹಿಂದೆ, ಸೀಟಿನ ಕೆಳಗಿನ ಟೂಲ್ ಬಾಕ್ಸಿನ ಮುಚ್ಚಳದ ಅಡಿ, ವಿಂಡ್‌ಸ್ಕ್ರೀನ್ ಮಡಚುವ ಕೀಲಿನ ಹಿಂದೆ, ಸ್ಟೆಪ್ನಿ ಬ್ರಾಕೆಟ್ಟಿನ ಅಡಿ. ಅಲ್ಲೂ ಹೊರಗಿನದೇ ನೀಲಿ ಇದ್ದರೆ ಒಳ್ಳೆಯ ಸೂಚನೆ. ಇನ್ನೊಂದು ಗುರುತು, ಒಂದು ಬ್ರಾಕೆಟ್ಟನ್ನು ಬಿಚ್ಚಿದಾಗ ಬಣ್ಣ ಅದರ ಅಡಿಗೂ ಹರಡಿದೆಯೇ ಎಂಬುದು. ಬ್ರಾಕೆಟ್ ಅಂಚಿನಲ್ಲೇ ಗೆರೆ ಎಳೆದಂತೆ ಬಣ್ಣ ನಿಂತಿದ್ದರೆ ಆಮೇಲೆ ಹೊಡೆಸಿದ್ದು. ರಬ್ಬರ್ ಬೀಡಿಂಗ್, ವೈರು, ಗ್ರೀಸ್ ನಿಪ್ಪಲ್ ಇವುಗಳ ಮೇಲೆ ಸ್ಪ್ರೇ ಗನ್ನಿನ ತುಂತುರು ಕಂಡರೂ ಅದೇ ಅರ್ಥ.

ಅನುಮಾನ ಉಳಿದರೆ ಪದರ ತೆರೆದು ನೋಡಬೇಕು. ಬಾನೆಟ್ಟಿನ ಕೆಳಮಗ್ಗುಲಲ್ಲೋ ಹಿಂಚಕ್ರದ ಕಮಾನಿನ ಒಳಗೋ ಐದು ರೂಪಾಯಿ ನಾಣ್ಯದಷ್ಟು ಜಾಗ ಆರಿಸಿಕೊಳ್ಳಿ. 800 ನಂಬರ್ ವಾಟರ್ ಪೇಪರ್ ನೆನೆಸಿ, ಬೆರಳ ತುದಿಯಲ್ಲಿ ಸುತ್ತ ಸುತ್ತ ಉಜ್ಜಿ ನಡುವೆ ತಗಡು ಇಣುಕುವವರೆಗೆ ಹೋಗಿ. ನಂತರ 1500ರಲ್ಲಿ ಅಂಚು ನಯ ಮಾಡಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮರದ ದಿಮ್ಮಿಯ ಉಂಗುರಗಳಂತೆ ಪದರಗಳು ಬಿಡಿಸಿಕೊಳ್ಳುತ್ತವೆ. ನಡುವೆ ತಗಡು, ಸುತ್ತ ಪ್ರೈಮರಿನ (ಬಣ್ಣಕ್ಕೆ ಮೊದಲು ತಗಡಿಗೆ ಬಳಿಯುವ ಪದರ) ಕೆಂಪು ಅಥವಾ ಬೂದು ಗೆರೆ, ಅದರಾಚೆ ಒಂದೇ ನೀಲಿ: ಇದು ಮೂಲ ಬಣ್ಣ. ನೀಲಿ, ಅದರಡಿ ಪಟ್ಟಿಯ (ತಗ್ಗು ತುಂಬುವ ಪುಟ್ಟಿ) ಪೇಲವ ಪದರ, ಅದರಡಿ ಮತ್ತೊಂದು ನೀಲಿ ಕಂಡರೆ ಯಾವತ್ತೋ ಟಿಂಕರಿಂಗ್ ಆಗಿ ಮೇಲೆ ಹೊಡೆದಿದ್ದಾರೆ, ಕಂಪನಿ ಬಣ್ಣ ಕೆಳಗೆ ಹೂತಿದೆ. ಒಂದೇ ಜಾಗ ನೋಡಿ ಇಡೀ ಗಾಡಿಗೆ ತೀರ್ಪು ಕೊಡಬೇಡಿ. ಬಾನೆಟ್ ಮೂಲದ್ದು, ಎಡ ಮಡ್‌ಗಾರ್ಡ್ ಆಮೇಲಿನದು, ಇದು ತೀರಾ ಸಾಮಾನ್ಯ.

ಗ್ಯಾರೇಜಿನಲ್ಲಿ ಬಣ್ಣದ ದಪ್ಪ ಅಳೆಯುವ ಗೇಜ್ ಸಿಕ್ಕರೆ ಕೆಲಸ ಸುಲಭ. ಕಾರ್ಖಾನೆಯ ಬಣ್ಣ ಪ್ರೈಮರ್ ಸೇರಿ ಸಾಮಾನ್ಯವಾಗಿ 100 ಮೈಕ್ರಾನ್ ಆಸುಪಾಸು ಇರುತ್ತದೆ. 200 ದಾಟಿದರೆ ಮೇಲೊಂದು ಬಣ್ಣ ಬಿದ್ದಿದೆ, 500 ದಾಟಿದರೆ ಒಳಗೆ ಪಟ್ಟಿ ಇದೆ. ಒಂದು ಅಂಕಿಗಿಂತ ಅಂಕಿಗಳು ಎಲ್ಲಿ ಹಠಾತ್ತನೆ ನೆಗೆಯುತ್ತವೆ ಎಂಬುದನ್ನು ಗಮನಿಸಿ.

ಯಾವ ಜಾತಿಯ ಬಣ್ಣ ಎಂಬುದು ತಿನ್ನರ್ ಪರೀಕ್ಷೆಯಲ್ಲಿ ತಿಳಿಯುತ್ತದೆ. ಮರೆಯ ಜಾಗದಲ್ಲಿ ಮೊದಲು ಪುಡಿಯನ್ನು ಪೂರ್ತಿ ಪಾಲಿಶ್ ಮಾಡಿ ತೆಗೆಯಿರಿ. ಇದನ್ನು ಮರೆತರೆ ಪುಡಿಯೇ ಬಟ್ಟೆಗೆ ಬಂದು ತಪ್ಪು ಉತ್ತರ ಕೊಡುತ್ತದೆ. ಬಿಳಿ ಹತ್ತಿ ಬಟ್ಟೆಗೆ ಎನ್‌ಸಿ ತಿನ್ನರ್ ಮುಟ್ಟಿಸಿ ಅರ್ಧ ನಿಮಿಷ ಒತ್ತಿಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಎನ್‌ಸಿ. ಮೆತ್ತಗಾಗಿ ಸುಕ್ಕು ಎದ್ದರೆ ಗಾಳಿಯಲ್ಲಿ ಒಣಗಿಸಿದ ಎನಾಮೆಲ್, ಅಂದರೆ ಬಹುತೇಕ ಗ್ಯಾರೇಜಿನದು. ಸ್ವಲ್ಪ ಮಂಕಾಗಿ ಅಲ್ಲೇ ನಿಂತರೆ ಒಲೆಯಲ್ಲಿ ಬೇಯಿಸಿದ ಕಾರ್ಖಾನೆಯ ಎನಾಮೆಲ್. ಏನೂ ಆಗದಿದ್ದರೆ ಹಾರ್ಡ್‌ನರ್ (ಬಣ್ಣವನ್ನು ಗಟ್ಟಿಮಾಡುವ ದ್ರಾವಣ) ಬೆರೆಸಿದ ಪಿಯು.

ಮೂವರು ಪೇಂಟರ್‌ಗಳ ಮಾತು

ಹಳೇ ಗಾಡಿಗೆ ಎನ್‌ಸಿಯೇ ಸರಿ ಎಂಬುದು ಅರ್ಧ ನಿಜ. ನೈಟ್ರೋಸೆಲ್ಯುಲೋಸ್ ಬಣ್ಣ 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಬಂತು. ನಮ್ಮಲ್ಲಿ ಈಗಲೂ ಗಾಡಿ ಬಣ್ಣಕ್ಕೆ ಡ್ಯೂಕೋ ಎನ್ನುವುದು ಅದೇ ಹೆಸರಿನ ಉಳಿಕೆ. ಆದರೆ ಹಳೆಯದೆಲ್ಲ ಎನ್‌ಸಿ ಅಲ್ಲ, ನಿಮ್ಮ ಜೀಪಿನ ಕಾಲಕ್ಕೆ ಎನಾಮೆಲ್ ಬಂದು ದಶಕಗಳೇ ಆಗಿದ್ದವು. ಎನ್‌ಸಿ ಕಾಲು ಗಂಟೆಯಲ್ಲಿ ಒಣಗುತ್ತದೆ, ಧೂಳು ಕೂರಲು ಬಿಡುವುದಿಲ್ಲ, ಪೇಂಟರ್‌ಗೆ ಇಷ್ಟ. ಆದರೆ ಪೆಡಸು, ಕಲ್ಲು ತಗುಲಿದರೆ ಚೂರು ಹಾರುತ್ತದೆ, ಬಿಸಿಲಿಗೆ ಬೇಗ ಸೋಲುತ್ತದೆ. ಮಳೆಗಾಲದ ತೇವದಲ್ಲಿ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಅದರ ತಿನ್ನರ್ ಕೆಳಗಿನ ಎನಾಮೆಲನ್ನು ಉಬ್ಬಿಸಿ ಮೀಗಡೆಯಂತೆ ಸುಕ್ಕು ಎಬ್ಬಿಸುವುದು. ಹಾಗಾದ ಮೇಲೆ ಕೆರೆಯದೆ ಗತಿಯಿಲ್ಲ.

ಕಾಂಪೌಂಡ್ ಹಾಕಿ ಮೆಷಿನ್ನಿನಲ್ಲಿ ಉಜ್ಜುವುದು ಮೂರರಲ್ಲಿ ಸರಿಯಾದ ದಾರಿಗೆ ಹತ್ತಿರ, ಆದರೆ ಆತುರದ್ದು. ಮೇಲಿನ ಬಣ್ಣ 50–60 ಮೈಕ್ರಾನ್ ಇರಬಹುದು, ಅದರಲ್ಲಿ ಒಂದು ಪಾಲು ಆಗಲೇ ಪುಡಿಯಾಗಿ ಹೋಗಿದೆ. ಒರಟು ಕಾಂಪೌಂಡ್ ಮತ್ತು ಉಣ್ಣೆಯ ಪ್ಯಾಡ್ ಬಾನೆಟ್ಟಿನ ಮಡಿಕೆ, ಮಡ್‌ಗಾರ್ಡಿನ ಮೂಲೆಯಂಥ ಉಬ್ಬಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಪ್ರೈಮರ್ ತೋರಿಸಿಬಿಡುತ್ತವೆ.

ಇನ್ನು ಮೆಟಾಲಿಕ್. ಮೆಟಾಲಿಕ್ ಸಿಜೆ-3ಬಿಗೆ ಒಪ್ಪುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಎತ್ತರದ ಬಾನೆಟ್ಟಿನ ಆ ಚಪ್ಪಟೆ ತಗಡು ಸಾದಾ ಬಣ್ಣಕ್ಕೇ ಚೆಂದ. ಪಿಯು ಎಂಬ ವಸ್ತುವಿನಲ್ಲಿ ದೋಷವಿಲ್ಲ, ಅದರ ಮಾತು ಮುಂದೆ ಬರುತ್ತದೆ.

ಉಳಿಸುವ ಕೆಲಸ

ತೊಳೆಯುವುದರಿಂದ ಶುರು ಮಾಡಿ. ಬಟ್ಟೆ ಸೋಪಿನ ಪುಡಿ ಬೇಡ. ಅದು ಕ್ಷಾರ, ಆಲ್ಕಿಡ್ ಅಂಟನ್ನು ನಿಧಾನಕ್ಕೆ ಸಾಬೂನು ಮಾಡಿಬಿಡುತ್ತದೆ. ಕಾರ್ ಶಾಂಪೂ ಸಾಕು. ಹುಣಸೆಹಣ್ಣು, ನಿಂಬೆರಸವೂ ಬೇಡ. ಬೋರ್ ನೀರಿನ ಗಡಸುತನ ನಿಮ್ಮ ತಾಲ್ಲೂಕಿನಲ್ಲಿ ನಿಮಗೇ ಗೊತ್ತು, ಪಾತ್ರೆಯಲ್ಲಿ ಕಟ್ಟುವ ಬಿಳಿ ಪೊರೆ ಗಾಡಿಯ ಮೇಲೂ ಕಟ್ಟುತ್ತದೆ. ಕೊನೆಯ ಎರಡು ಬಕೆಟ್ ಮಳೆನೀರೋ ಫಿಲ್ಟರ್ ನೀರೋ ಇರಲಿ, ನೆರಳಲ್ಲೇ ತೊಳೆದು ತಕ್ಷಣ ಒರೆಸಿ. ವರ್ಷಗಳ ಎಣ್ಣೆ ಜಿಡ್ಡಿಗೆ ಮಿನರಲ್ ಟರ್ಪೆಂಟೈನ್ ಒದ್ದೆ ಮಾಡಿದ ಬಟ್ಟೆ ಸಾಕು, ತಿನ್ನರ್ ಮುಟ್ಟಿಸಬೇಡಿ.

ಆಮೇಲಿನ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಒಣಗಿ ಪುಡಿಯಾದ ಎನಾಮೆಲನ್ನು ನೇರ ಉಜ್ಜುವ ಬದಲು ಮೊದಲು ಅದಕ್ಕೆ ಎಣ್ಣೆ ಕುಡಿಸಬೇಕು. ಸಿಲಿಕೋನ್ ಇಲ್ಲದ, ಎಣ್ಣೆಯಂಶ ಹೆಚ್ಚಿರುವ, ಉಜ್ಜುವ ಕಣ ಇಲ್ಲದ ಗ್ಲೇಜ್ ತನ್ನಿ. ಟರ್ಕಿ ಟವೆಲಿನ ತುಂಡಿನಲ್ಲಿ ಎರಡಡಿ ಚೌಕದಷ್ಟು ಜಾಗಕ್ಕೆ ಧಾರಾಳವಾಗಿ ಹಚ್ಚಿ ಉಜ್ಜಿ. ಬಟ್ಟೆ ನೀಲಿಯಾಗುತ್ತದೆ, ಗಾಬರಿ ಬೇಡ, ಅದು ಸತ್ತ ಪದರ. ದಪ್ಪಗೆ ಇನ್ನೊಂದು ಕೈ ಹಚ್ಚಿ ಶೆಡ್ಡಿನಲ್ಲಿ ಹನ್ನೆರಡು ಗಂಟೆಯಾದರೂ ಬಿಡಿ. ಒರೆಸಿ, ಮತ್ತೆ ಹಚ್ಚಿ. ಎರಡು ಮೂರು ಸಲ ಹೀಗೆ ಮಾಡಿದರೆ ಬಣ್ಣ ಆಳವಾಗಿ ಕಾಣತೊಡಗುತ್ತದೆ, ಮೇಲ್ಮೈ ಮೆದುವಾಗಿ ಪಾಲಿಶ್‌ಗೆ ಬಗ್ಗುತ್ತದೆ. ಆಗ ಉಬ್ಬು ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಹಾಕಿ, ಅತಿ ನಯವಾದ ಪಾಲಿಶನ್ನು ಫೋಮ್ ಪ್ಯಾಡಿನಲ್ಲಿ, ಆದರೆ ಕೈಯಲ್ಲೇ ಮಾಡಿ. ಪ್ರೈಮರ್ ಇಣುಕುತ್ತಿರುವ ಕಡೆ ಪಾಲಿಶ್ ಬೇಡ, ವ್ಯಾಕ್ಸ್ ಮಾತ್ರ. ಕೊನೆಗೆ ಕಾರ್ನೂಬಾ ವ್ಯಾಕ್ಸ್ ತೆಳುವಾಗಿ ಹಚ್ಚಿ, ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚಿ. ವ್ಯಾಕ್ಸ್ ತಪ್ಪಿದರೆ, ಗಾಡಿ ಬಿಸಿಲಿನಲ್ಲೇ ನಿಂತರೆ ಪುಡಿ ಮತ್ತೆ ಬರುತ್ತದೆ. ಈ ದಾರಿಯ ಮಿತಿ ಅದು. ಕನ್ನಡಿ ಹೊಳಪೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಈಗ ತುಕ್ಕು. ಟೇಲ್‌ಗೇಟಿನ ಕೆಳ ಅಂಚು ಮಡಚಿದ ತಗಡು, ನೀರು ಒಳಗೇ ನಿಲ್ಲುತ್ತದೆ. ಹೊರಗೆ ಗುಳ್ಳೆ ಕಂಡಿದೆ ಎಂದರೆ ತುಕ್ಕು ಒಳಗಿನಿಂದ ಬಂದಿದೆ. ಚಾಕುವಿನ ತುದಿಯಲ್ಲಿ ಗುಳ್ಳೆ ಎಬ್ಬಿಸಿ, ಸಣ್ಣ ಸುತ್ತಿಗೆಯ ಹಿಂಭಾಗದಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ತಿಂದುಹೋದದ್ದು ಡಬ್ ಎನ್ನುತ್ತದೆ ಅಥವಾ ತೂತೇ ಬೀಳುತ್ತದೆ. ಹಾಗೆಯೇ ಬ್ಯಾಟರಿ ತಟ್ಟೆ, ನೆಲಕ್ಕೆ ಹಾಸಿದ ರಬ್ಬರ್ ಮ್ಯಾಟಿನ ಅಡಿ, ಬಾಡಿ ಚಾಸಿಗೆ ಕೂರುವ ಜಾಗಗಳನ್ನು ನೋಡಿ. ತಗಡು ಗಟ್ಟಿಯಿದ್ದರೆ ವೈರ್ ಬ್ರಷ್ ಹೊಡೆದು, ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ದ್ರಾವಣವನ್ನು ಹತ್ತು ಹದಿನೈದು ನಿಮಿಷ ಒಣಗಲು ಬಿಡದೆ ಒದ್ದೆಯಾಗಿಟ್ಟು, ನೀರಿನ ಬಟ್ಟೆಯಲ್ಲಿ ಒರೆಸಿ, ಕೂಡಲೇ ಪೂರ್ತಿ ಒಣಗಿಸಿ. ಅದರ ಮೇಲೆ ಜಿಂಕ್ ಫಾಸ್ಫೇಟ್ ಇರುವ ಎಪಾಕ್ಸಿ ಪ್ರೈಮರ್ ಎರಡು ಕೈ. ಬರೀ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಅದು ನೀರನ್ನು ಒಳಗೆ ಬಿಡುತ್ತದೆ, ಮುಂದಿನ ಮಳೆಗಾಲಕ್ಕೆ ಅದೇ ಗುಳ್ಳೆ. ತೂತಾಗಿದ್ದರೆ ಹೊಸ ತಗಡು ಬೆಸೆಯಬೇಕು, ಪಟ್ಟಿ ತುಂಬಿ ಮುಚ್ಚಬಾರದು.

ಆ ಜಾಗಕ್ಕೆ ಬಣ್ಣ ಹೊಂದಿಸುವಾಗ ಪುಡಿಯಾದ ಬಾನೆಟ್ಟನ್ನೋ ಗ್ಲೋವ್ ಬಾಕ್ಸಿನ ಒಳಗನ್ನೋ ಅಲ್ಲ, ಅದೇ ಟೇಲ್‌ಗೇಟಿನಲ್ಲಿ ಪಾಲಿಶ್ ಮಾಡಿದ ಭಾಗವನ್ನು ತೋರಿಸಿ. ಕಾರ್ಡಿನ ಮೇಲೆ ಹೊಡೆಸಿ, ಒಣಗಿದ ಮೇಲೆ ಬಿಸಿಲಲ್ಲೂ ನೆರಳಲ್ಲೂ ಟ್ಯೂಬ್‌ಲೈಟಿನಲ್ಲೂ ಹಿಡಿದು ನೋಡಿ. ಒಂದರಲ್ಲಿ ಸರಿ ಕಂಡದ್ದು ಇನ್ನೊಂದರಲ್ಲಿ ತಪ್ಪುವುದುಂಟು. ತೇಪೆಯನ್ನು ತಗಡಿನ ನಡುವೆ ನಿಲ್ಲಿಸದೆ ಮಡಿಕೆಗೋ ಜಾಯಿಂಟಿಗೋ ತಂದು ನಿಲ್ಲಿಸಿದರೆ ಕಣ್ಣಿಗೆ ಬೀಳುವುದಿಲ್ಲ.

ಪೂರ್ತಿ ಬಣ್ಣವೇ ಬೇಕಾದರೆ

ಪದರ ತೆರೆದಾಗ ಮುಕ್ಕಾಲು ಗಾಡಿ ಪಟ್ಟಿ ಮತ್ತು ಗ್ಯಾರೇಜ್ ಬಣ್ಣವೇ ಎಂದು ಗೊತ್ತಾದರೆ, ಅಥವಾ ತುಕ್ಕು ಎಲ್ಲೆಡೆ ಹಬ್ಬಿದ್ದರೆ, ಪೂರ್ತಿ ಬಣ್ಣ ಹೊಡೆಸುವುದು ತಪ್ಪಲ್ಲ. ಸಾದಾ ನೀಲಿ ಪಿಯುವನ್ನು ಕ್ಲಿಯರ್ ಇಲ್ಲದೆ ಹೊಡೆಸಿ. ಬಿಸಿಲು, ಡೀಸೆಲ್, ಗೀರು ಎಲ್ಲಕ್ಕೂ ಗಟ್ಟಿ, ಮತ್ತು ನೋಟ ಹಳೆಯದಕ್ಕೆ ಹತ್ತಿರ. ಹೊಳಪು ಅತಿಯಾಯಿತು ಎನಿಸಿದರೆ ಅದೇ ಕಂಪನಿಯ ಮ್ಯಾಟಿಂಗ್ ದ್ರಾವಣ ಸ್ವಲ್ಪ ಬೆರೆಸಬಹುದು. ಗನ್ನಿಗೆ 1.3 ಅಥವಾ 1.4 ಮಿ.ಮೀ. ನಾಜಲ್, ಎರಡು ಕೈ, ನಡುವೆ ಹತ್ತು ಹದಿನೈದು ನಿಮಿಷ ಬಿಡುವು, ಹಾರ್ಡ್‌ನರ್ ಅಳತೆ ಡಬ್ಬದ ಮೇಲೆ ಬರೆದಷ್ಟೇ. ಬೇಗ ಒಣಗಲಿ ಎಂದು ಹಾರ್ಡ್‌ನರ್ ಹೆಚ್ಚು ಸುರಿದರೆ ಪದರ ಪೆಡಸಾಗುತ್ತದೆ. ಸಿಂಥೆಟಿಕ್ ಎನಾಮೆಲ್ ಅಗ್ಗ, ನೋಟವೂ ನಿಜವಾದದ್ದು. ಆದರೆ ಗಂಟೆಗಟ್ಟಲೆ ಅಂಟಾಗಿಯೇ ಇರುತ್ತದೆ. ಗುಡ್ಡದ ಮೇಲೆ ಗಾಳಿಗಿರಣಿ ನಿಲ್ಲಿಸಿರುವ ಜಿಲ್ಲೆ ನಿಮ್ಮದು, ತೆರೆದ ಶೆಡ್ಡಿನಲ್ಲಿ ಆಷಾಢದ ಗಾಳಿಗೆ ಎನಾಮೆಲ್ ಹೊಡೆದರೆ ಮೇಲೆ ಮರಳು ಕೂತಂತೆ. ಏಪ್ರಿಲ್ ಬಿಸಿಲಿಗೆ ತಗಡು ಕಾದಿದ್ದರೆ ಬಣ್ಣ ಹರಡುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯಂತಾಗುತ್ತದೆ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಒಳ್ಳೆಯದು.

ಅಪಾಯದ ಎರಡು ಮಾತು ಹೇಳಲೇಬೇಕು. ಪಿಯು ಹಾರ್ಡ್‌ನರಿನಲ್ಲಿ ಐಸೋಸೈನೇಟ್ ಇರುತ್ತದೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವ ಹುಡುಗನಿಗೆ ಅದು ಜೀವನಪೂರ್ತಿಯ ಉಬ್ಬಸ ತರಬಲ್ಲದು. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಇರುವ ಗ್ಯಾರೇಜನ್ನೇ ಹುಡುಕಿ. ಇನ್ನೊಂದು, ಆ ಕಾಲದ ಪ್ರೈಮರ್, ಡ್ರೈಯರ್, ಹಳದಿ ಕೇಸರಿ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಒಣ ಕೆರೆತ ಬೇಡ, ನೀರು ಹಾಕಿಯೇ ಉಜ್ಜಿ. ಕೆಸರನ್ನು ಕಾಗದದ ಮೇಲೆ ಹಿಡಿದು ಕಟ್ಟಿಡಿ, ಕೊಟ್ಟಿಗೆಯ ಕಡೆ ಹರಿಯಲು ಬಿಡಬೇಡಿ. ದನ ನೆಕ್ಕಿದರೆ ಸೀಸದ ವಿಷ ಏರುತ್ತದೆ. ಮರಳು ಊದಿ ಬಣ್ಣ ತೆಗೆಸುವುದೂ ಬೇಡ. ಅಗಲದ ಚಪ್ಪಟೆ ತಗಡು ಅದರ ಹೊಡೆತಕ್ಕೆ ಅಲೆ ಅಲೆಯಾಗಿ ಬಾಗುತ್ತದೆ, ಮರಳಿನ ಪುಡಿ ಶ್ವಾಸಕೋಶಕ್ಕೆ ಹಾನಿ. ಪೂರ್ತಿ ಹೊಡೆಸಿದರೂ ಗ್ಲೋವ್ ಬಾಕ್ಸಿನ ಒಳಗನ್ನು ಮುಟ್ಟಿಸಬೇಡಿ, ಮೂಲ ಬಣ್ಣದ ಸಾಕ್ಷಿ ಅಲ್ಲಿ ಉಳಿಯಲಿ.

ತಮ್ಮನ ಹಸಿರಿನ ಆಸೆಗೆ ಕಾನೂನೇ ಅಡ್ಡ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಬೇರೆ ಯಾವ ಬಣ್ಣಕ್ಕೆ ಬದಲಾಯಿಸಿದರೂ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿಕೊಳ್ಳಬೇಕು.

ವಿಂಟೇಜ್ ನೋಂದಣಿಯ ನಿಯಮ 2021ರ ಜುಲೈನಲ್ಲಿ ಬಂತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನಿಮ್ಮದರಲ್ಲಿ ಪೆಟ್ರೋಲ್ ಎಂಜಿನ್ ಹಾಗೇ ಇರುವುದು ದೊಡ್ಡ ಅನುಕೂಲ, ಎಷ್ಟೋ ಜೀಪುಗಳು ಡೀಸೆಲ್ ಎಂಜಿನ್ ಕೂರಿಸಿಕೊಂಡು ಈ ಅರ್ಹತೆ ಕಳೆದುಕೊಂಡಿವೆ. ಮಂಕಾದ ಬಣ್ಣದಿಂದ ತೊಂದರೆಯಿಲ್ಲ. ಆದರೆ ಆ ನೋಂದಣಿಯ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ವಾರಕ್ಕೆ ಮೂರ್ನಾಲ್ಕು ಸಲ ತೋಟಕ್ಕೆ ಹೋಗುವ ಜೀಪಿಗೆ ಸದ್ಯಕ್ಕೆ ಇರುವ ನೋಂದಣಿಯನ್ನೇ ನವೀಕರಿಸುತ್ತಾ ಹೋಗುವುದು ಮೇಲು.

ಆಯುಧಪೂಜೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮ ಕ್ಷಾರ. ನೀರಿನಲ್ಲಿ ಕಲಸಿ ಪುಡಿಯಾದ ಬಾನೆಟ್ಟಿಗೆ ಹಚ್ಚಿದರೆ ಒಳಗಿಳಿದು ಕಲೆ ನಿಲ್ಲುತ್ತದೆ. ಬರೀ ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ. ಹಬ್ಬಕ್ಕೆ ಒಂದು ವಾರ ಮುಂಚೆ ವ್ಯಾಕ್ಸ್ ಹಚ್ಚಿ, ಕುಂಕುಮವನ್ನು ವಿಂಡ್‌ಸ್ಕ್ರೀನ್ ಗಾಜಿಗೆ ಇಡಿ. ಬಾನೆಟ್ಟಿಗೂ ಇಡಲೇಬೇಕು ಎಂದಾದರೆ ಮರುದಿನ ಬೆಳಿಗ್ಗೆ ಶಾಂಪೂ ನೀರಿನ ಮೆತ್ತನೆ ಬಟ್ಟೆಯಲ್ಲಿ ತೆಗೆದುಬಿಡಿ.